ಹದಿನಾಲ್ಕನೇ ಸೆಕೆಂಡು

ಕಂಪ್ಯೂಟರ್ ಪರದೆಯಲ್ಲಿ ವಿಡಿಯೊದ ಟೈಮ್‌ಲೈನಿನ ಮೇಲೆ ಓಡುವ ಗೆರೆ ಹದಿನಾಲ್ಕನೇ ಸೆಕೆಂಡಿಗೆ ಬಂದಾಗ ಫೋಟೊದಲ್ಲಿದ್ದ ಎರ್ಮೆಕ್‌ನ ಮುಖದಿಂದ ಬಣ್ಣ ಇಳಿದುಹೋಯಿತು.

"ಕಣ್ಣಿಲ್ವೇನೇ ನಿಂಗೆ?" ವಿಡಿಯೊ ಮಾಡಿಸಲು ಬಂದಿದ್ದ ಕಲಿಪಾ ಸಿಡಿದಳು. "ಸತ್ತವರನ್ನ ಮಾತ್ರ ಕಪ್ಪುಬಿಳುಪು ಮಾಡು ಅಂದಿದ್ದೆ. ನನ್ನ ತಮ್ಮ ಎರ್ಮೆಕ್ ಮಾಸ್ಕೋದಲ್ಲಿ ಗುಂಡುಕಲ್ಲಿನ ಹಾಗಿದಾನೆ. ನಾಳೆ ಅಮ್ಮನ ಎಪ್ಪತ್ತರ ಔತಣಕ್ಕೆ ಇಡೀ ಓಶ್ ಊರೇ ಬರುತ್ತೆ!"

"ತಪ್ಪಾಯ್ತು ಅಕ್ಕಾ." ಎಡಿಟರ್ ಬೆಗಿಮಾಯ್ ಆ ಫೋಟೊದ ಲೇಯರ್ ತೆರೆದಳು. ಇಂಥ ಸೆಕೆಂಡಿಗೆ ಬಣ್ಣ ಬದಲಿಸು ಎನ್ನುವ ಕೀಫ್ರೇಮ್ ಗುರುತು ಒಂದೂ ಇರಲಿಲ್ಲ. ಫೋಟೊವನ್ನೇ ಅಳಿಸಿ, ಕಲಿಪಾಳ ಫೋನಿನಿಂದ ಹೊಸದಾಗಿ ತಂದು ಕೂರಿಸಿದಳು. ಮತ್ತೆ ಓಡಿಸಿದಾಗ, ಫೋಟೊದಲ್ಲಿ ಅವನ ಪಕ್ಕ ನಿಂತ ಅಮ್ಮನ ಶಾಲು ಕೆಂಪಾಗಿಯೇ ಇತ್ತು. ಹದಿನಾಲ್ಕನೇ ಸೆಕೆಂಡಿಗೆ ಎರ್ಮೆಕ್ ಒಬ್ಬನೇ ಬೂದಿಬಣ್ಣಕ್ಕೆ ತಿರುಗಿದ.

"ಈ ಫೋಟೊನೇ ಸರಿಯಿಲ್ಲ ಅಕ್ಕಾ. ಬೇರೆದು ಕಳಿಸೋಕೆ ನಿಮ್ಮ ತಮ್ಮಂಗೆ ಈಗ್ಲೇ ಫೋನ್ ಮಾಡಿ."

ಕಲಿಪಾ ಫೋನ್ ಮುಟ್ಟಲಿಲ್ಲ. ಎದ್ದು ಹೋಗಿ ಬಾಗಿಲ ಚಿಲಕ ಹಾಕಿದಳು. ಈಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಮೊನ್ನೆ ಮಾಸ್ಕೋದಿಂದ ಬಂತು ಸುದ್ದಿ. ಮನೇಲಿ ನಂಗೊಬ್ಬಳಿಗೇ ಗೊತ್ತು. ಔತಣ ಮುಗೀಲಿ ಅಂತ ಅಮ್ಮಂಗೂ ಹೇಳಿಲ್ಲ. ನಿಂಗ್ಯಾರೇ ಹೇಳಿದ್ದು?"