ವಿಶೇಷ ಕೇಳಿದವರು

ರೇವತಿಯ ಸೋದರತ್ತೆ ಸರ್ವಮಂಗಳಮ್ಮ ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ನಿಂಬೆಹಣ್ಣು ಮೂಸುತ್ತ ಕೂತಿದ್ದರು. ಮದುವೆಮನೆಯಲ್ಲಿ ರೇವತಿಯನ್ನು "ಏನಾದ್ರೂ ವಿಶೇಷನಾ?" ಎಂದು ಕೇಳಿಬಿಟ್ಟಿದ್ದರು. ಯಾರನ್ನೇ ಹಾಗೆ ಕೇಳಿದರೂ, ಕೇಳಿದವರಿಗೇ ಮೂರು ತಿಂಗಳು ಬಸುರಿಯ ವಾಂತಿ ಬರುವ ಸೂಜಿ ಹಾಕುವುದು ಈಗಿನ ಕಾನೂನು.

"ಮಗು ಬೇಕಾ ಬ್ಯಾಡವಾ ಅಂತ ಇನ್ನೂ ಯೋಚ್ನೆ ಮಾಡ್ತಿದೀವಿ ಅತ್ತೆ," ಎಂದಳು ರೇವತಿ.

"ನಿಧಾನಕ್ಕೆ ಮಾಡ್ರವ್ವಾ. ನಾನಂತೂ ಕೇಳಲ್ಲ."

ಅಷ್ಟರಲ್ಲಿ ಅತ್ತೆಯ ಯಜಮಾನರು ಎಳನೀರು ಹಿಡಿದು ಬಂದು, ಹೆಂಡತಿಯ ಮುಖ ನೋಡಿ ನಕ್ಕರು. "ಏನೇ, ಈ ವಯಸ್ಸಲ್ಲಿ ವಾಂತಿ? ಏನಾದ್ರೂ ವಿಶೇಷನಾ?"

ನರ್ಸ್ ಹೊಸ ಫಾರಂ ತೆಗೆದಳು. "ಹೆಸರು ಹೇಳ್ರಿ."

ಯಜಮಾನರು ಎಳನೀರು ಬೆಂಚಿನ ಮೇಲಿಟ್ಟು ಮೆಲ್ಲಗೆ ಬಾಗಿಲ ಕಡೆ ತಿರುಗಿದರು.

ನಲವತ್ತು ವರ್ಷದಲ್ಲಿ ಒಮ್ಮೆಯೂ ಗಂಡನ ಹೆಸರು ಹೇಳದ ಸರ್ವಮಂಗಳಮ್ಮ ನಿಂಬೆಹಣ್ಣು ಕೆಳಗಿಟ್ಟರು.

"ಷಡಕ್ಷರಪ್ಪ," ಎಂದರು. "ಬರ್ಕಳಮ್ಮ."