ಮೊದಲನೇ ಹಾಳೆ

ಲಾವಣ್ಯಾ ಮೈಕಿನ ಮುಂದೆ ನಿಂತು ತನ್ನ ಪ್ರಬಂಧವನ್ನು ಎರಡನೇ ಹಾಳೆಯಿಂದಲೇ ಓದತೊಡಗಿದಳು. ಮೊದಲನೆಯದು ಕಾರಿನಲ್ಲಿ ಉಳಿದುಬಿಟ್ಟಿತ್ತು. ಜಾರ್ಜ್ ವಾಷಿಂಗ್ಟನ್ ಎಂಬ ಹೆಸರು, ಅಮೆರಿಕ ಎಂಬ ದೇಶ, ಎಲ್ಲ ಇದ್ದದ್ದು ಅದರಲ್ಲೇ.

"ಅಧ್ಯಕ್ಷರು ಎಂಟು ವರ್ಷ ದುಡಿದರು. ಇನ್ನೂ ಇರಿ ಎಂದು ಜನ ಕೇಳಿಕೊಂಡರೂ ಒಪ್ಪಲಿಲ್ಲ. ಹೊಸಬರಿಗೆ ಜಾಗ ಬಿಟ್ಟು ಮನೆಗೆ ಹೊರಟರು."

ಜರ್ಮನಿಯ ಎಷ್‌ಬಾರ್ನ್ ಊರಿನ ಬಾಡಿಗೆ ಸಭಾಂಗಣದಲ್ಲಿ ಸೇರಿದ್ದ ಕನ್ನಡ ಸಂಘದವರೆಲ್ಲ ಒಟ್ಟಿಗೆ ಮುಂದಿನ ಸಾಲಿನತ್ತ ನೋಡಿದರು. ಅಲ್ಲಿದ್ದ ಅವಳ ಅಪ್ಪ ರಾಮದಾಸ್, ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಹಿಡಿದು ಬಂದ ಹೊಸತರಲ್ಲಿ ಈ ಸಂಘ ಕಟ್ಟಿದವರು. ಎಂಟು ವರ್ಷದಿಂದ ಅವರೇ ಅಧ್ಯಕ್ಷರು. ಊಟದ ನಂತರ ಚುನಾವಣೆ. ಒಂಬತ್ತನೇ ವರ್ಷಕ್ಕೂ ನಿಲ್ಲುವ ಅರ್ಜಿ ಜೇಬಿನಲ್ಲಿತ್ತು. ಆಫೀಸಿನಲ್ಲಿ ಅವರು ಮೂಲೆ ಮೇಜಿನ ಹೆರ್ ರಾಮದಾಸ್, ಅಂದರೆ ಬರೀ ಮಿಸ್ಟರ್, ಅಷ್ಟೆ. 'ಅಧ್ಯಕ್ಷರೇ' ಎಂದು ಕರೆಯುವವರು ಇದ್ದದ್ದು ಇಲ್ಲಿ ಮಾತ್ರ.

ಚಪ್ಪಾಳೆ ಶುರುವಾದದ್ದು ನಿಲ್ಲಲೇ ಇಲ್ಲ. ಕಾರ್ಯದರ್ಶಿ ಜೆಸಿಂತಾ ಮೈಕ್ ಹಿಡಿದರು.

"ಮಗಳ ಬಾಯಲ್ಲಿ ಹೇಳಿಸಿದ್ರಲ್ಲ ಅಧ್ಯಕ್ಷರೇ, ದೊಡ್ಡ ಮನಸ್ಸು ಮಾರಾಯ್ರೆ ನಿಮ್ಮದು. ಇಷ್ಟು ಚಂದ ಮಾಡಿ ಬಿಟ್ಟುಕೊಡುವವರು ಎಲ್ಲಿ ಉಂಟು?"

"ಅದು ನನ್ನ ಬಗ್ಗೆ ಅಲ್ಲ..." ರಾಮದಾಸ್ ಎದ್ದರು.

"ಸುಮ್ಮನಿರಿ ನೀವು. ನಾಚಿಕೆ ಎಂತದ್ದು?"

ನಾಚಿಕೆ ಆದದ್ದಂತೂ ನಿಜ. ಮಗಳ ಶಾಲೆಯ ಜರ್ಮನ್ ಪ್ರಬಂಧವನ್ನು ಕನ್ನಡಕ್ಕೆ ತಂದವರು ಅವರೇ. ನಿನ್ನೆ ಅದನ್ನು ಎರಡು ಸಲ ಓದಿ, ವಾಷಿಂಗ್ಟನ್ ಎಂಥ ಮನುಷ್ಯ ನೋಡು ಎಂದು ಹೆಂಡತಿಯೆದುರು ಹೊಗಳಿದ್ದರು. ಆಮೇಲೆ ಅದೇ ಪೆನ್ನಿನಿಂದ ಅರ್ಜಿ ತುಂಬಿದ್ದರು. ಆಗಲೇ ತನಗೆ ಹೊಳೆಯಬಾರದಿತ್ತೇ ಎಂದುಕೊಂಡು ಅರ್ಜಿಯನ್ನು ಜೇಬಿನ ಆಳಕ್ಕೆ ತಳ್ಳಿದರು.

ಲಾವಣ್ಯಾ ಹೆದರಿಕೊಂಡೇ ಹತ್ತಿರ ಬಂದಳು. "ಪಪ್ಪಾ, ಫಸ್ಟ್ ಪೇಜ್ ಮರೆತೆ. ಶ್ಲಿಮ್? ತುಂಬಾ ತಪ್ಪಾಯ್ತಾ?"

"ಇಲ್ಲ ಮಗಾ. ತಪ್ಪು ನಿನ್ನದಲ್ಲ."

ಅಷ್ಟರಲ್ಲಿ ಹೊರಗೆ ಓಡಿದ್ದ ಜೆಸಿಂತಾ ಏದುಸಿರು ಬಿಡುತ್ತ ಬಂದು ಬೀಳ್ಕೊಡುಗೆಯ ಜರಿಯಂಚಿನ ಶಾಲು ಹೊದಿಸಿದರು. ಮಡಿಕೆಗಳು ಗಟ್ಟಿಯಾಗಿ ಕೂತಿದ್ದವು, ಎಳೆದರೂ ಬಿಚ್ಚಿಕೊಳ್ಳುತ್ತಿರಲಿಲ್ಲ.

"ಇಷ್ಟು ಬೇಗ ಶಾಲು ಎಲ್ಲಿ ಸಿಕ್ಕಿತು?" ರಾಮದಾಸ್ ಮೆಲ್ಲಗೆ ಕೇಳಿದರು.

"ಬೇಗ ಎಂತದ್ದು?" ಜೆಸಿಂತಾ ನಕ್ಕರು. "ನಾಲ್ಕು ವರ್ಷದಿಂದ ನನ್ನ ಕಾರಿನ ಡಿಕ್ಕಿಯಲ್ಲೇ ಉಂಟಲ್ಲ."