ಅಜ್ಜನ ತಟ್ಟೆಯ ಆಲೂಗಡ್ಡೆ

ಬೇಕರಿಯ ಮುಂದೆ ಹಾದುಹೋಗುವಾಗ ಹಿಟ್ಟು ಸೀದ ವಾಸನೆ ಬಂದರೆ ನನಗೆ ಈಗಲೂ ಬಳ್ಳಾರಿಯ ಆ ಭಾನುವಾರ ನೆನಪಾಗುತ್ತದೆ.

ಹಲ್ಲೆಲ್ಲ ಉದುರಿದ ಮೇಲೆ ಅಜ್ಜ ನಮ್ಮ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದ. ಒಳಗಿನ ಕೋಣೆಯಲ್ಲಿ ಒಬ್ಬನೇ ಗಂಜಿ ಕುಡಿಯುತ್ತಿದ್ದ. ಅವನನ್ನು ಹೊರಗೆ ಕೂರಿಸಲೇಬೇಕೆಂದು ಅಮ್ಮ ಚರ್ಚಿನಿಂದ ಬಂದವಳೇ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಮೆಣಸನ್ನು ಅಗಲ ಪಾತ್ರೆಗೆ ಹಾಕಿ, ಮುಚ್ಚಳದ ಸುತ್ತ ಗೋಧಿಹಿಟ್ಟು ಮೆತ್ತಿದಳು. ಬ್ರೆಡ್ ತೆಗೆದ ಮೇಲೂ ನಮ್ಮ ಓಣಿಯ ಬೇಕರಿಯ ಒಲೆ ಸಂಜೆತನಕ ಬಿಸಿಯಾಗಿರುತ್ತಿತ್ತು. ಬೇಕರಿಯವನು ಅಮ್ಮ ಹೊತ್ತು ತಂದ ಪಾತ್ರೆಯನ್ನು ಅದರೊಳಗೆ ತಳ್ಳಿ, "ಬೆಣ್ಣಿ ಆಗತೈತಿ, ಹೋಗ್ರಿ ಅಕ್ಕಾ" ಎಂದ.

ರಾತ್ರಿ ಊಟಕ್ಕೆ ಅಜ್ಜ ಗೊಣಗುತ್ತಲೇ ಬಂದ. "ಬಾಯಾಗ ಒಂದ್ ಹಲ್ಲಿಲ್ಲ, ನನ್ನ ಯಾಕ ಕರದಿಯವ್ವಾ?"

"ಹಲ್ಲು ಬ್ಯಾಡ ಮಾವಾ, ನಾಲಿಗಿ ಇದ್ರ ಸಾಕು" ಎಂದಳು ಅಮ್ಮ.

ನಾನು ಮಾಂಸದ ಒಂದು ತುಂಡು ಬಾಯಿಗಿಟ್ಟೆ. ಎಷ್ಟು ಜಗಿದರೂ ಅದು ಮುಗಿಯಲಿಲ್ಲ. ಅಪ್ಪನೂ ತಲೆತಗ್ಗಿಸಿ ಜಗಿಯುತ್ತಲೇ ಇದ್ದ. ಅಜ್ಜ ಮಾತ್ರ, "ಖಂಡ ಬೆಣ್ಣಿ ಆಗೇತಿ, ಇನ್ನೊಂದೀಟು ಹಾಕು" ಎಂದ. ಅವನ ತಟ್ಟೆಯಲ್ಲಿ ಮಾಂಸದ ತುಂಡುಗಳೆಲ್ಲ ಅಂಚಿಗೆ ಸರಿದಿದ್ದವು. ಖಾಲಿಯಾಗಿದ್ದದ್ದು ಆಲೂಗಡ್ಡೆ.

ಅಮ್ಮ ಆ ತಟ್ಟೆಯನ್ನು ನೋಡಿದಳು. ಪಾತ್ರೆಯಲ್ಲಿ ಹುಡುಕಿ ಹುಡುಕಿ ಬರೀ ಆಲೂಗಡ್ಡೆಯನ್ನೇ ಬಡಿಸಿ, "ತಗೋರಿ ಮಾವಾ, ಖಂಡ" ಎಂದಳು. ಇಬ್ಬರೂ ನಗಲಿಲ್ಲ.

ಅಂದು ಮಾಂಸ ಚೆನ್ನಾಗಿಯೇ ಬೆಂದಿತ್ತು ಎಂದು, ನಮ್ಮ ಜೊತೆಗೇ ಉಂಡಿದ್ದ ನನ್ನ ಅಕ್ಕ ಈಗಲೂ ವಾದಿಸುತ್ತಾಳೆ. ಇರಬಹುದು, ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ. ಆದರೆ ಮರುದಿನ ಅಜ್ಜ ಗಂಜಿಯ ಬಟ್ಟಲು ಹಿಡಿದು ತಾನೇ ಹೊರಗೆ ಬಂದು, ನನ್ನನ್ನು ಮೊಣಕೈಯಿಂದ ತಳ್ಳಿ, "ಸರಿಯಲೇ" ಎಂದು ಪಕ್ಕದಲ್ಲಿ ಕೂತಿದ್ದ.